ಪಿಲ್‌ಸುನ್ ಮನೆಯ ಸಾರು

ಸಿಯೋಲ್‌ಗೆ ಹೋಗುವ ಬಸ್ಸಿನಲ್ಲಿ ಅತ್ತಿಗೆ ಆ ಡಬ್ಬಿಯನ್ನು ತೊಡೆಯ ಮೇಲಿಂದ ಕೆಳಗಿಳಿಸಲೇ ಇಲ್ಲ. ಹಸಿರು ಬಟ್ಟೆಯಲ್ಲಿ ಗಂಟು ಕಟ್ಟಿದ ಡಬ್ಬಿ. ಒಳಗೆ ಅವಳೇ ಹುದುಗಿಸಿದ ಸೋಯಾ ಕಾಳಿನ ಗೊಜ್ಜು. ಲಗೇಜಿನ ಜೊತೆ ಕೆಳಗಿಡೋಣ ಎಂದು ಡ್ರೈವರ್ ಕೈ ಚಾಚಿದರೆ, "ಇದು ಲಗೇಜಲ್ಲಪ್ಪ, ಜಾಂಗು" ಎಂದಳು. ಅವನಿಗೂ ಊರಲ್ಲಿ ತಾಯಿ ಇದ್ದಿರಬೇಕು, ಮರುಮಾತಾಡದೆ ಬಾಗಿಲು ಹಾಕಿದ.

ನಾಟಿ ಮುಗಿದ ಗದ್ದೆಗಳಲ್ಲಿ ನೀರು ಹೊಳೆಯುತ್ತಿತ್ತು. ಜಿರಿಸಾನ್ ಬೆಟ್ಟ ನಿಧಾನವಾಗಿ ಹಿಂದಕ್ಕೆ ಸರಿದು ಕೊನೆಗೆ ಒಂದು ನೀಲಿ ಗೆರೆಯಾಯಿತು. ಅತ್ತಿಗೆ ಕಿಟಕಿಯ ಕಡೆ ನೋಡಲಿಲ್ಲ.

"ಯೊಂಗ್ರಾನ್, ವಾಸನೆ ಹೊರಗೆ ಬರ್ತಾ ಐತೇನೆ?" ಎಂದು ಕೇಳಿದಳು. "ಹಿಂದಿನ ಸೀಟಿನೋರು ಮೂಗು ಮುಚ್ಕೊಂಡವ್ರಾ ನೋಡು."

"ಬರ್ದೆ ಇರ್ತದಾ? ಜಾಂಗಲ್ವಾ" ಎಂದೆ. ವಾಸನೆ ಬರುತ್ತಿತ್ತು. ಎಂದಿನದಕ್ಕಿಂತ ಸ್ವಲ್ಪ ಬೇರೆ ಅನ್ನಿಸಿತು; ಬಸ್ಸಿನ ಸೀಟಿನ ವಾಸನೆ ಸೇರಿರಬೇಕು ಎಂದುಕೊಂಡು ಸುಮ್ಮನಾದೆ.

ಅತ್ತಿಗೆಯ ಹೆಸರು ಪಿಲ್‌ಸುನ್. ನನ್ನ ಅಣ್ಣನ ಹೆಂಡತಿ. ಅಣ್ಣ ಹೋಗಿ ವರ್ಷಗಳಾದವು. ನನ್ನನ್ನು ಅದೇ ಊರಿಗೆ ಕೊಟ್ಟಿದ್ದರಿಂದ ಅವಳ ಹಿತ್ತಿಲಿಗೂ ನನ್ನ ಹಿತ್ತಿಲಿಗೂ ನಡುವೆ ಇರುವುದು ಒಂದು ಮೋಟು ಕಲ್ಲುಗೋಡೆ ಮಾತ್ರ. ಆ ಗೋಡೆಯ ಮೇಲೆ ನಾವು ಸೌತೆಕಾಯಿ, ಕುಡುಗೋಲು, ಬೈಗುಳ ಎಲ್ಲವನ್ನೂ ಕೊಟ್ಟು ತೆಗೆದುಕೊಂಡಿದ್ದೇವೆ. ಅವಳ ಮಗಳು ಹೇವನ್ ಸಿಯೋಲ್‌ನ ಮಾಂಗ್‌ವನ್ ಪೇಟೆಯಲ್ಲಿ ಊಟದ ಹೋಟೆಲು ನಡೆಸುತ್ತಾಳೆ. ಹೋಟೆಲಿನ ಹೆಸರೇ 'ಪಿಲ್‌ಸುನ್ ಮನೆ'. ಅಮ್ಮನ ಹುಟ್ಟುಹಬ್ಬಕ್ಕೆ ಇಬ್ಬರೂ ಬನ್ನಿ ಎಂದು ಅವಳೇ ಕರೆದಿದ್ದಳು.

ಕರೆದದ್ದು ಹುಟ್ಟುಹಬ್ಬಕ್ಕಷ್ಟೇ ಅಲ್ಲ ಎಂಬುದು ನನಗೆ ಗೊತ್ತಿತ್ತು. ಚಳಿಗಾಲ ಕಳೆದಾಗಿನಿಂದ ತಾಯಿ ಮಗಳು ಫೋನಿನಲ್ಲಿ ಕೂಗಾಡುವುದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು. "ಕಹಿಯಂತೆ ಕಹಿ! ನಿನ್ನ ಅಜ್ಜಿ ಕಾಲದಿಂದ ಬಂದಿರೋ ಜಾಂಗ್ ಕಣೆ. ಪೇಟೆ ನೀರು ಕುಡ್ದು ಕುಡ್ದು ನಿನ್ನ ನಾಲಿಗೆ ಸತ್ತೈತೆ!" ಎಂದು ಅತ್ತಿಗೆ ಕೂಗುವಳು.

ನಮ್ಮೂರಲ್ಲಿ ಜಾಂಗ್ ಎಂದರೆ ಬರೀ ಅಡುಗೆಯ ಸಾಮಾನಲ್ಲ. ಚಳಿಗೆ ಕಾಳು ಬೇಯಿಸಿ, ಕುಟ್ಟಿ, ಅಚ್ಚು ಕಟ್ಟಿ, ಹುಲ್ಲಿನ ಹಗ್ಗದಲ್ಲಿ ತೂಗುಹಾಕಿ ಒಣಗಿಸುತ್ತೇವೆ. ಹೊಸ ವರ್ಷ ಕಳೆದ ಮೇಲೆ ಅಚ್ಚುಗಳನ್ನು ಜಾಡಿಯ ಉಪ್ಪುನೀರಿಗೆ ಇಳಿಬಿಡುತ್ತೇವೆ. ಚೆರಿ ಹೂ ಬಿಡುವ ಹೊತ್ತಿಗೆ ಎತ್ತಿ ಕಿವುಚಿದರೆ ನೀರು ಕಪ್ಪು ರಸವಾಗಿರುತ್ತದೆ, ಕಾಳು ಗೊಜ್ಜಾಗುತ್ತದೆ. ಎರಡೂ ಜಾಂಗೇ. ಪ್ರತಿ ಮನೆಯ ಹಿತ್ತಿಲ ಜಗಲಿಯಲ್ಲೂ ಜಾಡಿಗಳ ಸಾಲು. ಅತ್ತಿಗೆಯ ಸಾಲಿನ ಮೂಲೆಯಲ್ಲಿ ಒಂದು ಗುಜ್ಜಾರಿ ಜಾಡಿಯಿದೆ. ಅದು ಹೆಪ್ಪಿನ ಜಾಡಿ. ಅದರ ರಸ ನನ್ನ ಅಜ್ಜಿಗೂ ಹಿಂದಿನದು. ಬಿಸಿಲು ಅದನ್ನು ಕುಡಿದು ಕಡಿಮೆ ಮಾಡಿದಷ್ಟೂ ವರ್ಷವರ್ಷ ಹೊಸ ರಸ ಸುರಿಯುತ್ತಾರೆ; ಹೊಸದು ಹಳೆಯದರ ರುಚಿ ಕಲಿಯುತ್ತದೆ. ಆ ಜಾಡಿ ಸೊಸೆಗೆ ಹೋಗುತ್ತದೆಯೇ ಹೊರತು ಮಗಳಿಗಲ್ಲ. ನನ್ನ ಮದುವೆಯಲ್ಲಿ ಒಂದು ಬಟ್ಟಲು ರಸ ಕೊಡು ಎಂದು ಅವ್ವನನ್ನು ಕೇಳಿದ್ದೆ. "ಕೂಗಿದ್ರೆ ಕೇಳೋ ದೂರದಲ್ಲಿದ್ದೀಯ, ಬೇಕಾದಾಗ ಬಂದು ಉಣ್ಣು" ಎಂದುಬಿಟ್ಟಳು.

ಜಾಂಗಿನ ರುಚಿ ಕೆಟ್ಟರೆ ಆ ಮನೆಗೆ ಕೇಡು ಕಾದಿದೆ ಎಂಬುದನ್ನು ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಮೇಲುಕೇರಿಯ ಒಂದು ಮನೆಯಲ್ಲಿ ಒಮ್ಮೆ ಜಾಂಗ್ ಕೆಟ್ಟಿತ್ತು. ಆಮೇಲೆ ಆ ಮನೆಯಲ್ಲಿ ಹಸು ಸತ್ತರೂ, ಮಗ ಪರೀಕ್ಷೆಯಲ್ಲಿ ಫೇಲಾದರೂ ಜನ ಆ ಜಾಡಿಯನ್ನೇ ನೆನೆಯುತ್ತಿದ್ದರು.

ಹೋಟೆಲು ಗಲ್ಲಿಯ ತಿರುವಿನಲ್ಲಿದೆ. ಗಾಜಿನ ಬಾಗಿಲು, ಅದರ ಮೇಲೆ ಬಿಳಿ ಕಾಗದದಲ್ಲಿ ಕತ್ತರಿಸಿದ ಒಂದು ಕಾಲುಚೀಲದ ಚಿತ್ರ. ಊರಲ್ಲಿ ಕೆಟ್ಟದ್ದು ಹತ್ತಿರ ಬರದಿರಲೆಂದು ಜಾಡಿಗೆ ಅಂಟಿಸುತ್ತೇವಲ್ಲ, ಅದು. ಅತ್ತಿಗೆ ಬಾಗಿಲಲ್ಲೇ ನಿಂತಳು.

"ನೋಡೇ, ನೆಟ್ಟಗೆ ಅಂಟಿಸವ್ಳೆ. ತಲೆಕೆಳಗಾಗಿ ಅಂಟಿಸ್ಬೇಕು."

"ಅದು ಅಲಂಕಾರ ಅತ್ತಿಗೆ. ಊಟದ ಪಟ್ಟಿ ಮೇಲೂ ಅದನ್ನೇ ಅಚ್ಚು ಹಾಕಿಸವ್ಳಂತೆ."

"ಅಲಂಕಾರ ಅಂತ ದೆವ್ವಕ್ಕೆ ಗೊತ್ತಾಗ್ತದಾ?" ಎಂದು ಗೊಣಗಿ ಒಳಗೆ ಕಾಲಿಟ್ಟಳು.

ಮಧ್ಯಾಹ್ನದ ಊಟದ ಗಿರಾಕಿಗಳು ಇನ್ನೂ ಇದ್ದರು. ಉದ್ದನೆಯ ಮರದ ಹಲಗೆಯ ಮುಂದೆ ಎಳೆಯ ಹುಡುಗಿಯರು, ಆಫೀಸಿನ ಗಂಡಸರು. ಒಬ್ಬೊಬ್ಬರ ಮುಂದೆ ಒಂದೊಂದು ಸಣ್ಣ ಊಟದ ಮಣೆ. ಮಣೆಯ ಮೇಲೆ ಹಿತ್ತಾಳೆ ಬಟ್ಟಲಲ್ಲಿ ಅನ್ನ, ಕಪ್ಪು ಮಣ್ಣಿನ ಕುಡಿಕೆಯಲ್ಲಿ ಕುದಿಯುತ್ತಲೇ ಬರುವ ಗೊಜ್ಜಿನ ಸಾರು, ಹುರಿದ ಸಣ್ಣ ಮೀನು, ಮೂಲಂಗಿ ಕಿಮ್ಚಿ, ಸುಟ್ಟ ಬದನೆ. ನಮ್ಮ ಮನೆಯ ಊಟವೇ, ಆದರೆ ಮದುವಣಗಿತ್ತಿಯ ಹಾಗೆ ಸಿಂಗರಿಸಿಕೊಂಡದ್ದು. ಮೊದಲ ತುತ್ತಿಗೆ ಮುಂಚೆ ಎಲ್ಲರೂ ಫೋಟೋ ಹೊಡೆದುಕೊಳ್ಳುತ್ತಿದ್ದರು.

"ಒಬ್ಬೊಬ್ಬರೇ ಉಣ್ತಾರೆ, ಜಗಳ ಆಡಿದೋರ ಹಾಗೆ" ಎಂದಳು ಅತ್ತಿಗೆ. ಆದರೆ ಗೋಡೆಯ ಮೇಲೆ ಬರೆದಿದ್ದ ತನ್ನ ಹೆಸರನ್ನು ಓರೆಗಣ್ಣಿನಿಂದ ನೋಡುತ್ತಿದ್ದಳು.

ಹೇವನ್ ಅಡುಗೆಮನೆಯಿಂದ ಓಡಿ ಬಂದಳು. ನಾನು ಹಿಂದೆ ನೋಡಿದ್ದಕ್ಕಿಂತ ಸೊರಗಿದ್ದಳು. "ಅಮ್ಮಾ, ಅತ್ತೆ, ಆ ಮೂಲೇಲಿ ಕೂತ್ಕೊಳ್ಳಿ. ಇವ್ರೆಲ್ಲ ಹೋದ್ಮೇಲೆ ಬಾಗಿಲು ಹಾಕಿ ನಾವೇ ಊಟ ಮಾಡೋಣ. ಕೈಗೆ ಜನ ಇಲ್ಲ, ಅಡುಗೆಯ ಅಕ್ಕ ಬಿಟ್ಟು ಹೋದ್ರು."

"ಯಾಕಂತೆ?"

"ದಿನಾ ಸಾರು ಸರಿಯಿಲ್ಲ ಸರಿಯಿಲ್ಲ ಅಂತ ನಾನು ಅವ್ರ ತಲೆ ತಿಂದೆ. 'ನಿಮ್ಮಮ್ಮನ ಹತ್ರನೇ ಮಾಡಿಸ್ಕೊ' ಅಂದು ಹೋದ್ರು." ನಕ್ಕಳು, ಆ ನಗು ಕಣ್ಣಿನವರೆಗೆ ಹೋಗಲಿಲ್ಲ.

ಅತ್ತಿಗೆ ಡಬ್ಬಿಯ ಗಂಟು ಬಿಚ್ಚತೊಡಗಿದಳು. ನನಗೆ ಕೈಕಟ್ಟಿ ಕೂತು ಅಭ್ಯಾಸವಿಲ್ಲ. ಎದ್ದು ಹೋಗಿ ಉಂಡು ಬಿಟ್ಟ ಮಣೆಗಳನ್ನು ಎತ್ತಿ ತರತೊಡಗಿದೆ. ಆಗ ಕಂಡಿತು. ಅನ್ನದ ಬಟ್ಟಲು ಖಾಲಿ, ಮೀನು ಖಾಲಿ, ಬದನೆ ಖಾಲಿ. ಸಾರಿನ ಕುಡಿಕೆಗಳು ಮಾತ್ರ ತುಂಬಿದ್ದವು. ಕೆಲವರು ಒಂದೆರಡು ಚಮಚ ತೆಗೆದಿದ್ದರು, ಕೆಲವರು ಒಳಗಿನ ತೋಫುವನ್ನಷ್ಟೇ ಆರಿಸಿ ತಿಂದಿದ್ದರು.

ಬಾಗಿಲ ಬಳಿ ಒಬ್ಬ ಮುದುಕರು ಕೂತಿದ್ದರು. ಪ್ಯೊ ಎಂದು ಹೆಸರು, ಮೂಲೆಯ ಬೀಗ ರಿಪೇರಿ ಅಂಗಡಿಯವರು, ಎರಡು ಹೊತ್ತೂ ಇಲ್ಲೇ ಊಟ. ಅವರ ಕುಡಿಕೆಯೂ ಮುಟ್ಟಿದಂತಿರಲಿಲ್ಲ.

"ಸಾರು ಬಿಟ್ಬಿಟ್ಟಿರಲ್ಲ" ಎಂದೆ.

ಅವರು ಹೊಟ್ಟೆ ಸವರಿಕೊಂಡರು. "ನನ್ನ ಹೊಟ್ಟೇದೇ ತಕರಾರಮ್ಮ. ಸಾರಿಗೇನಾಗಿದೆ, ಚೆನ್ನಾಗೇ ಇದೆ." ಹೇವನ್‌ಗೆ ಕೇಳಿಸದಂತೆ ಮೆಲ್ಲಗೆ ಹೇಳಿದರು.

ಒಳಗೆ ಹೋಗಿ ದೊಡ್ಡ ಪಾತ್ರೆಯಿಂದ ಒಂದು ಚಮಚ ಸಾರು ಬಾಯಿಗೆ ಹಾಕಿಕೊಂಡೆ. ಮೊದಲು ಎಂದಿನ ರುಚಿಯೇ. ನುಂಗುವಾಗ ಗಂಟಲ ಹತ್ತಿರ ಕಹಿ ಎದ್ದಿತು. ಮುಗ್ಗಲು ಹಿಡಿದ ಚಾಪೆ ಸುತ್ತಿಟ್ಟಂಥ ಒಂದು ವಾಸನೆ ಮೂಗಿನ ಹಿಂದೆ ಉಳಿಯಿತು. ಅಚ್ಚು ಹೊರಗೆ ಒಣಗಿ ಒಡಲಲ್ಲಿ ಹಸಿಯಾಗಿಯೇ ಕೊಳೆತರೆ ಹೀಗಾಗುತ್ತದೆ. ನೋಡಿದರೆ ತಿಳಿಯುವುದಿಲ್ಲ; ಮುರಿದು ಮೂಗಿಗೆ ಹಿಡಿದರೆ ನಮ್ಮೂರಿನ ಯಾವ ಹೆಂಗಸಿಗಾದರೂ ತಿಳಿಯುತ್ತದೆ. ಅತ್ತಿಗೆಗೆ ತಿಳಿಯದೆ ಹೋಯಿತೇ? ತಿಳಿದೂ ತಿಳಿದೂ ಮಗಳಿಗೆ ಕಳಿಸಿದಳೇ? ಈ ವರ್ಷ ನನಗೆ ಒಂದು ಹಿಡಿ ಗೊಜ್ಜೂ ಕೊಟ್ಟಿರಲಿಲ್ಲ, ಎಲ್ಲ ಸಿಯೋಲ್‌ಗೇ ಬೇಕು ಅಂದಿದ್ದಳು. ನನಗೆ ಕೋಪ ಬಂತು. ಹೊರಗೆ ನೋಡಿದರೆ ಅವಳು ಡಬ್ಬಿಯ ಮೇಲೆ ಕೈಯಿಟ್ಟು, ಗಿರಾಕಿಗಳ ಬಾಯನ್ನು ಒಂದೊಂದಾಗಿ ದಿಟ್ಟಿಸುತ್ತ ಕೂತಿದ್ದಳು.

ಕೊನೆಯ ಗಿರಾಕಿ ಹೋದ ಮೇಲೆ ಹೇವನ್ ಬಾಗಿಲಿಗೆ 'ಬಿಡುವು' ಎಂಬ ಹಲಗೆ ತಗುಲಿಸಿದಳು. ಒಲೆಯ ಮೇಲೆ ಹುಟ್ಟುಹಬ್ಬದ ಕಡಲಸೊಪ್ಪಿನ ಸಾರು ಬೆಳಗಿನಿಂದ ಸಣ್ಣ ಉರಿಯಲ್ಲಿತ್ತು. ಪಕ್ಕದ ಹಲಗೆಯ ಮೇಲೆ ಒಂದು ಗಾಜಿನ ಬಾಟಲಿ. ಕುತ್ತಿಗೆಗೆ ಅತ್ತಿಗೆ ಕಟ್ಟಿದ ಬಿಳಿದಾರ ಹಾಗೇ ಇತ್ತು. ಹೊಸ ವರ್ಷಕ್ಕೆ ಅತ್ತಿಗೆ ಪ್ರತಿಸಲ ಕಳಿಸುವ ಹೆಪ್ಪಿನ ರಸ.

"ಇದನ್ನ ಇವತ್ತಿಗೇ ಅಂತ ಎತ್ತಿಟ್ಟಿದ್ದೆ ಅಮ್ಮಾ" ಎಂದಳು ಹೇವನ್. "ಸಾರಿಗೆ ಉಪ್ಪೂ ಹಾಕಿಲ್ಲ, ಕೊನೆಗೆ ಇದನ್ನೇ..."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಪ್ಯೊ ಅವರು ಟೋಪಿ ಮರೆತಿದ್ದರು. ಹೇವನ್ ಹೋಗಿ ಟೋಪಿ ಕೊಟ್ಟಳು. ಅವರು ಬಾಗಿಲಲ್ಲೇ ನಿಂತು ಅಮ್ಮನ ಹುಟ್ಟುಹಬ್ಬವಂತೆ, ಅವರಿಗೆ ಆಯುಷ್ಯ ಹೆಚ್ಚಲಿ, ಹಾಗೆ ಹೀಗೆ ಎಂದು ಮಾತಿಗೆ ನಿಂತರು. ತಿರುಗಿ ಬಂದವಳು ಅವಸರದಲ್ಲಿ ಬಟ್ಟಲುಗಳಿಗೆ ಸಾರು ಬಡಿಸಿ, ಅನ್ನವಿಟ್ಟು, ನಮ್ಮೂರಿನ ರೀತಿಯಲ್ಲೇ ಮೂವರಿಗೂ ಒಂದೇ ದೊಡ್ಡ ಮಣೆ ಹಾಕಿದಳು. ನಡುವೆ ಗೊಜ್ಜಿನ ಸಾರಿನ ಒಂದು ಕುಡಿಕೆಯನ್ನೂ ತಂದಿಟ್ಟಳು.

"ಉಣ್ಣಮ್ಮ. ನನ್ನ ಹೆತ್ತು ನೀನು ಕುಡಿದ ಸಾರು, ಇವತ್ತು ನಾನು ಬಡಿಸ್ತಿದ್ದೀನಿ."

ಅತ್ತಿಗೆಯ ಕಣ್ಣು ಒದ್ದೆಯಾಯಿತು. ಚಮಚ ತುಂಬ ಎತ್ತಿ ಕುಡಿದಳು. ನಾನೂ ಕುಡಿದೆ.

ಸಾರು ಸಪ್ಪೆ. ಒಂದು ಹರಳು ಉಪ್ಪಿಲ್ಲ. ಕಡಲಸೊಪ್ಪು, ಮಾಂಸ, ಬಿಸಿನೀರು, ಅಷ್ಟೇ. ಪಾಪ ಮರೆತಿದ್ದಾಳೆ, ನಗೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಇನ್ನೊಂದು ಚಮಚ ಕುಡಿದು ತಲೆದೂಗಿದಳು.

"ಉಪ್ಪು ಹಿಡಿದೈತೆ. ಏನ್ ಹದ! ಹೆಪ್ಪಿನ ರಸ ಅಂದ್ರೆ ಸುಮ್ನೆನಾ?"

ನಗು ಬರಲಿಲ್ಲ. ಅವಳ ಮುಖ ನೋಡಿದೆ. ತಮಾಷೆಯ ಸುಳಿವೇ ಇರಲಿಲ್ಲ. ಆಗ ಒಂದೊಂದೇ ನೆನಪಾದವು. ಕಳೆದ ಶರದೃತುವಿನಲ್ಲಿ ಒಲೆಯ ಮೇಲೆ ಪಾತ್ರೆ ತಳ ಹತ್ತಿ ಕಮಟು ನನ್ನ ಹಿತ್ತಿಲಿಗೂ ಬಂದಿತ್ತು. ಓಡಿಹೋಗಿ ನೋಡಿದರೆ ಅತ್ತಿಗೆ ಅದರ ಪಕ್ಕದಲ್ಲೇ ಹಾಯಾಗಿ ಕಾಳು ಬಿಡಿಸುತ್ತ ಕೂತಿದ್ದಳು. ಕೈಯಳತೆಯಲ್ಲೇ ಬದುಕಿದವಳು ಚಮಚ ಹಿಡಿದು ಉಪ್ಪು ಅಳೆಯುವುದನ್ನು ಕಂಡು ನಾನು ಆಡಿಕೊಂಡಿದ್ದೆ. ಬಸ್ಸಿನಲ್ಲಿ ವಾಸನೆ ಬರ್ತಾ ಐತೇನೆ ಎಂದು ಕೇಳಿದ್ದಳು.

ಹೇವನ್ ಇನ್ನೂ ಸಾರು ಮುಟ್ಟಿರಲಿಲ್ಲ. ಗೊಜ್ಜಿನ ಕುಡಿಕೆಯನ್ನು ಅಮ್ಮನ ಕಡೆ ಸರಿಸಿದಳು.

"ಅಮ್ಮಾ, ಫೋನಲ್ಲಿ ಬೇಡ, ಎದುರಿಗೇ ಹೇಳು. ಇದನ್ನ ಕುಡಿದು ಹೇಳು. ಕಹಿ ಇದೆಯೋ ಇಲ್ವೋ?"

ಅತ್ತಿಗೆ ಕುಡಿದಳು. ಬಾಯಿ ಚಪ್ಪರಿಸಿದಳು. ಆ ಚಪ್ಪರಿಕೆ ಸ್ವಲ್ಪ ಹೆಚ್ಚೇ ಉದ್ದವಾಯಿತು.

"ಜಾಂಗಿಗೆ ಏನೂ ಆಗಿಲ್ಲ."

"ಏನೂ ಆಗಿಲ್ವಾ?"

"ಇಲ್ಲ ಅಂದ್ನಲ್ಲ. ನಿನ್ನ ನಾಲಿಗೆ ಕೆಟ್ಟೈತೆ. ಊಟ ಇಲ್ಲ, ನಿದ್ದೆ ಇಲ್ಲ, ಬಾಯಿ ಕಹಿ ಆಗದೆ ಇನ್ನೇನಾಗ್ತದೆ?"

ಹೇವನ್ ಎರಡೂ ಕೈಯನ್ನು ಮಣೆಯ ಅಂಚಿಗಿಟ್ಟಳು. "ಹಾಗಾದ್ರೆ ಸರಿ. ನಾನೂ ಅದನ್ನೇ ಅಂದ್ಕೊಂಡಿದ್ದೆ. ಗೊಜ್ಜು ಕಡಿಮೆ ಹಾಕಿ ನೋಡ್ದೆ, ಅಣಬೆ ಹಾಕ್ದೆ, ನೀರು ಬದಲಾಯಿಸ್ದೆ. ಗಿರಾಕಿಗಳನ್ನ ಕೇಳಿದ್ರೆ ಎಲ್ರೂ ಚೆನ್ನಾಗಿದೆ ಅಂತಾರೆ, ಕುಡಿಕೆ ತುಂಬಿ ವಾಪಸ್ ಬರುತ್ತೆ. ನೀನು ಸರಿಯಾಗಿದೆ ಅಂತೀಯ, ನನಗೆ ಮಾತ್ರ ಕಹಿ. ನನ್ನ ನಾಲಿಗೇನೇ ನನಗೆ ಸುಳ್ಳು ಹೇಳ್ತಿದ್ರೆ ನಾನು ಊರಿನೋರಿಗೆ ಯಾವ ಮುಖ ಇಟ್ಕೊಂಡು ಅಡುಗೆ ಮಾಡ್ಲಿ? ಅಂಗಡಿ ಬಿಡ್ತೀನಿ ಅಂತ ಕಟ್ಟಡದವರಿಗೆ ಹೇಳೋಕೆ ಹೊರಟಿದ್ದೆ. ನಿನ್ನ ಬಾಯಲ್ಲಿ ಒಂದು ಸಲ ಕೇಳ್ಬೇಕಿತ್ತು, ಅದಕ್ಕೇ ಕರೆಸ್ದೆ. ನಾಳೆ ಹೇಳಿಬಿಡ್ತೀನಿ."

"ಅಂಗಡಿ ಬಿಡೋದಾ?" ಅತ್ತಿಗೆಯ ಕೈಯಲ್ಲಿದ್ದ ಚಮಚ ನಿಂತಿತು. "ಹುಚ್ಚಿ ಥರ ಆಡ್ಬ್ಯಾಡ. ಹೊಸ ಡಬ್ಬಿ ತಂದಿವ್ನಿ, ಇದನ್ನ ಹಾಕು..."

"ಅದೂ ಅದೇ ಜಾಡಿದಲ್ವಾ ಅಮ್ಮಾ?"

ಅತ್ತಿಗೆ ನನ್ನ ಕಡೆ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ, ತಟ್ಟನೆ ಕಣ್ಣು ತಗ್ಗಿಸಿದಳು. ಅವಳಿಗೆ ಗೊತ್ತಾಯಿತು, ನನಗೆ ಗೊತ್ತಾಗಿದೆ ಎಂದು. ನಾನು ಸುಮ್ಮನಿದ್ದರೆ ಊರಿಗೆ ಹೋಗಿ ಗೋಡೆಯ ಬಳಿ ಇಬ್ಬರೇ ಮಾತಾಡಿಕೊಳ್ಳಬಹುದಿತ್ತು. ಅವಳ ಹೆಸರು ಉಳಿಯುತ್ತಿತ್ತು. ಆದರೆ ಎದುರಿಗೆ ಈ ಹುಡುಗಿ, ನನ್ನ ಅಣ್ಣನ ಗಲ್ಲ, ಅಣ್ಣನ ಹುಬ್ಬು, ತನ್ನ ನಾಲಿಗೆಯನ್ನೇ ನಂಬದೆ ಕೂತಿದ್ದಳು. ನಾನು ಕಾದೆ, ಅತ್ತಿಗೆಯೇ ಹೇಳಲಿ ಎಂದು. ಅವಳು ಸಪ್ಪೆ ಸಾರನ್ನು ಇನ್ನೊಂದು ಚಮಚ ಎತ್ತಿದಳು.

"ಹೇವನ್" ಎಂದೆ. "ನೀನಿನ್ನೂ ಸಾರು ಕುಡಿದಿಲ್ಲ. ಕುಡಿದು ನೋಡು."

ಅವಳಿಗೆ ಅರ್ಥವಾಗಲಿಲ್ಲ. ನನ್ನ ಮಾತಿಗೆ ಒಂದು ಚಮಚ ಕುಡಿದಳು. ಅವಳ ಹುಬ್ಬು ಗಂಟಿಕ್ಕಿತು. ಮತ್ತೆ ಕುಡಿದಳು. ಆಮೇಲೆ ತಲೆಯೆತ್ತಿ ಒಲೆಯ ಪಕ್ಕದ ಹಲಗೆ ನೋಡಿದಳು. ಬಾಟಲಿಯ ಕುತ್ತಿಗೆಯಲ್ಲಿ ಬಿಳಿದಾರದ ಗಂಟು ಬಿಚ್ಚಿರಲಿಲ್ಲ.

ಶೀತಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ಅತ್ತಿಗೆ ಚಮಚ ಕೆಳಗಿಟ್ಟಳು.

"ಯಾವಾಗಿಂದ?" ಎಂದಳು ಹೇವನ್. ಅವಳ ದನಿಯಲ್ಲಿ ಪೇಟೆ ಇರಲಿಲ್ಲ. "ಯಾವಾಗಿಂದವ್ವಾ?"

"ಆಚೆ ವರ್ಷದ ಚಳೀಲಿ ಜ್ವರ ಬಂದಿತ್ತಲ್ಲ. ಜ್ವರ ಹೋಯ್ತು, ಬಾಯಿ ಬರ್ಲಿಲ್ಲ. ಮೂಗೂ ಬರ್ಲಿಲ್ಲ. ಬರ್ತದೆ ಬರ್ತದೆ ಅಂತಿದ್ದೆ."

"ಡಾಕ್ಟ್ರಿಗೆ ತೋರಿಸಿದ್ಯಾ?"

"ತೋರಿಸ್ದೆ. ಕಾಯ್ಬೇಕು ಅಂದ್ರು. ಕಾದೆ." ಅತ್ತಿಗೆ ಕರವಸ್ತ್ರ ಸಿಗದೆ ಅಂಗೈಯಿಂದಲೇ ಬಾಯಿ ಒರೆಸಿಕೊಂಡಳು. "ಕಾಳು ಬೇಯಿಸೋ ಕಾಲ ಕಾಯ್ತದಾ? ಕಣ್ಣಿತ್ತು, ಕೈಯಿತ್ತು. ಉಪ್ಪಿನ ಹದ ತಿಳಿಯೋಕೆ ನೀರಲ್ಲಿ ಮೊಟ್ಟೆ ತೇಲಿಸಿ ನೋಡ್ದೆ, ಸರಿಯಾಗೇ ತೇಲ್ತು. ಅಚ್ಚಿನ ಮೇಲೆ ಬಿಳಿ ಬೂಷ್ಟು ಚೆನ್ನಾಗೇ ಬಂದಿತ್ತು. ಒಡಲಲ್ಲಿ ಏನಾಗಿತ್ತೋ, ಮೂಗಿಲ್ದೋಳಿಗೆ ಹೆಂಗೆ ಗೊತ್ತಾಗ್ಬೇಕು."

"ಅತ್ತೇನ ಕರೀಬಹುದಿತ್ತಲ್ಲ. ಗೋಡೆ ಆಚೆ ಇದ್ರು."

"ಕರೀಬಹುದಿತ್ತು." ಅತ್ತಿಗೆ ನನ್ನ ಕಡೆ ತಿರುಗಲಿಲ್ಲ. "ಅವಳ ಅವ್ವ ಜಾಡಿ ಕೊಟ್ಟಿದ್ದು ನನಗೆ. ಅವಳು ಕೇಳಿದ್ರೂ ಕೊಡ್ದೆ ನನಗೆ ಕೊಟ್ಳು. ಅದನ್ನ ಕಾಯಕ್ಕಾಗ್ಲಿಲ್ಲ ಅಂತ ಅವಳ ಮುಂದೆ ಹೆಂಗೆ ಹೇಳ್ಲಿ?"

"ನಾನೇನು ಜಾಡಿ ಕಿತ್ಕೊಂಡು ಹೋಗ್ತಿದ್ನಾ?" ಎಂದೆ. ಕೋಪದಲ್ಲೇ ಅಂದೆ. ಕೋಪ ಇತ್ತು ಕೂಡ.

"ಕಿತ್ಕೊಂಡು ಹೋಗ್ತಿರ್ಲಿಲ್ಲ. ನನ್ನ ನೋಡಿ ಪಾಪ ಅಂತಿದ್ದೆ. ಅದಕ್ಕೇ."

ಹೇವನ್ ಎದ್ದು ಅಡುಗೆಮನೆಯ ಕಟ್ಟೆಗೆ ಕೈಕೊಟ್ಟು ನಮ್ಮ ಕಡೆ ಬೆನ್ನು ಹಾಕಿ ನಿಂತಳು. "ನನ್ನ ನಾಲಿಗೆ ಸತ್ತೈತೆ ಅಂದ್ಯಲ್ಲವ್ವ" ಎಂದಳು. "ಅಡುಗೆ ಅಕ್ಕನ್ನ ಬೈದು ಓಡಿಸ್ದೆ. ದಿನಾ ರಾತ್ರಿ ಸಕ್ಕರೆ ನೆಕ್ಕಿ, ಉಪ್ಪು ನೆಕ್ಕಿ, ನನಗೇನಾಗಿದೆ ಅಂತ ಪರೀಕ್ಷೆ ಮಾಡ್ಕೊಳ್ತಿದ್ದೆ. ಒಂದು ಮಾತು ಹೇಳಿದ್ರೆ ಆಗ್ತಿತ್ತು."

ಕುಡಿಕೆಯಲ್ಲಿ ಆರುತ್ತಿದ್ದ ಸಾರಿನ ಮೇಲೆ ಕೆನೆಗಟ್ಟುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ಅವಳು ನನ್ನ ಮೊಣಕೈ ಮುಟ್ಟಿದಳು.

"ಯೊಂಗ್ರಾನ್, ಆ ಬಾಟ್ಲಿ ತಗೋ."

ನನಗೆ ಅವಳ ಮಾತಿನ ದಾರಿ ತಿಳಿಯಿತು. "ಅತ್ತಿಗೆ, ಹೋದ ವರ್ಷ ಹೆಪ್ಪಿನ ಜಾಡಿಗೆ ಹೊಸ ರಸ ಸುರಿದ್ಯಾ?"

"ಸುರಿದೆ. ಬೇಸಿಗೇಲಿ ಬಾಳ ಇಳಿದಿತ್ತು. ಸುರಿಯೋ ಹೊತ್ತಿಗೆ ಒಂದ್ಸಲ ತಂಬಿಗೆ ಕೆಳಗಿಟ್ಟೆ. ಆದ್ರೂ ಸುರಿದೆ. ಸುರೀದೆ ಬಿಟ್ರೆ ನೀನು ಗೋಡೆ ಆಚೆಯಿಂದ ಕೇಳ್ತಿದ್ದೆ, ಯಾಕೆ ಅಂತ." ಅವಳು ನನ್ನ ಮೊಣಕೈ ಬಿಡಲಿಲ್ಲ. "ಬಾಟ್ಲಿಗೆ ತುಂಬಿದ್ದು ಆಮೇಲೆ. ಇಲ್ಲೀವರೆಗೆ ಯಾರೂ ಬಾಯಿಗೆ ಹಾಕಿಲ್ಲ. ನಿನ್ನ ಅವ್ವನ ಜಾಡಿ. ನೀನೇ ನೋಡು. ಸುಳ್ಳು ಹೇಳ್ಬ್ಯಾಡ."

ನಾನು ದಾರ ಬಿಚ್ಚಿದೆ. ಒಂದು ಬಿಳಿ ಬಟ್ಟಲಿಗೆ ಬಗ್ಗಿಸಿದೆ. ರಸ ಮೊದಲಿನಂತೆಯೇ ಕಪ್ಪಾಗಿ, ದಪ್ಪವಾಗಿ, ಅಂಚಿನಲ್ಲಿ ಕೆಂಪು ಹೊಳೆಯುತ್ತಿತ್ತು. ಹೇವನ್ ಬಂದು ಪಕ್ಕದಲ್ಲಿ ಕೂತಳು. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೆ.

ಉಪ್ಪು ಬಂತು. ಅದರ ಹಿಂದೆ ಆ ಹಳೆಯ ಸಿಹಿ ಬಂತು, ನಾನು ಹುಡುಗಿಯಾಗಿದ್ದಾಗ ಬಿಸಿ ಅನ್ನದ ಮೇಲೆ ಅವ್ವ ಎರಡು ಹನಿ ಬಿಡುತ್ತಿದ್ದಳಲ್ಲ, ಅದೇ. ನನಗೆ ಉಸಿರು ಬಂದಂತಾಯಿತು. ಇಲ್ಲ, ಏನೂ ಆಗಿಲ್ಲ ಎನ್ನಲು ಹೊರಟೆ. ಆಗ ಗಂಟಲಿನ ಬಾಗಿಲಲ್ಲಿ ಅದು ಎದ್ದಿತು. ಸಣ್ಣದು. ಗೊತ್ತಿಲ್ಲದವರಿಗೆ ತಿಳಿಯದಷ್ಟು. ಮುಗ್ಗಿದ ಚಾಪೆಯ ಒಂದು ಎಳೆ.

ಹೇವನ್ ಕೂಡ ಬೆರಳದ್ದಿದ್ದಳು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು. ಅವಳ ನಾಲಿಗೆ ಸರಿಯಾಗಿತ್ತು.

"ಹೇಳು" ಎಂದಳು ಅತ್ತಿಗೆ.

"ಕಹಿ ಐತೆ ಅತ್ತಿಗೆ. ಸ್ವಲ್ಪ."

ಅವಳು ಹೂಂಗುಟ್ಟಿದಳು. ಅಳಲಿಲ್ಲ. ತಂದಿದ್ದ ಡಬ್ಬಿಯನ್ನು ಹಸಿರು ಬಟ್ಟೆಯಲ್ಲಿ ಮತ್ತೆ ಕಟ್ಟತೊಡಗಿದಳು. ಗಂಟು ಸರಿಯಾಗಿ ಬೀಳಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದಳು. "ಹೋಗ್ತದಾ ಅದು? ಇನ್ನೆರಡು ಬೇಸಿಗೆ ಬಿಸಿಲಲ್ಲಿಟ್ರೆ?"

"ಹೋದ್ರೂ ಹೋಗ್ಬಹುದು. ಗೊತ್ತಿಲ್ಲ. ಹಿಂಗೆ ಯಾವತ್ತೂ ಆಗಿಲ್ವಲ್ಲ."

"ಇಲ್ಲ" ಎಂದಳು. "ಯಾವತ್ತೂ ಆಗಿಲ್ಲ."

ಹೇವನ್ ಮೂರು ಬಟ್ಟಲುಗಳಿಗೂ ಆ ರಸವನ್ನೇ ಹನಿ ಹನಿಯಾಗಿ ಬಿಟ್ಟಳು. ಹುಟ್ಟುಹಬ್ಬದ ಸಾರನ್ನು ಸಪ್ಪೆಯಾಗಿ ಉಣ್ಣುವಂತಿಲ್ಲ. ಆಮೇಲೆ ಎದ್ದು, ದೊಡ್ಡ ಪಾತ್ರೆಯ ಗೊಜ್ಜಿನ ಸಾರನ್ನು ಬಗ್ಗಿಸಿ ಚೆಲ್ಲಿದಳು. ನೀರು ಹೋಗುವ ಸದ್ದು ಬಹಳ ಹೊತ್ತು ಕೇಳಿಸಿತು. ಅತ್ತಿಗೆ ಕಣ್ಣು ಮುಚ್ಚಿ ಆ ಸದ್ದು ಕೇಳುತ್ತಿದ್ದಳು. ಹೇವನ್ ಬದನೆ ಹೆಚ್ಚಲು ನಿಂತಳು, ನಾನು ಬೆಳ್ಳುಳ್ಳಿ ಸುಲಿದೆ.

ಸಂಜೆ ಬಾಗಿಲು ತೆರೆಯುತ್ತಲೇ ಮೊದಲು ಬಂದವರು ಪ್ಯೊ ಅವರು. ಅವರ ಹಿಂದೆ ಇಬ್ಬರು 'ಫೋಟೋ' ಹುಡುಗಿಯರು, ಯಾವುದೋ ಆಫೀಸಿನ ಗುಂಪು. ಪ್ಯೊ ತಮ್ಮ ಜಾಗದಲ್ಲಿ ಕೂತು, "ಎಂದಿನದೇ ಕೊಡಮ್ಮ, ಸಾರಿನೂಟ" ಎಂದರು.

ಹೇವನ್ ಅಡುಗೆಮನೆಯ ಖಾಲಿ ಪಾತ್ರೆಯ ಕಡೆ ತಿರುಗಿದಳು. ಮೂಲೆಯಲ್ಲಿದ್ದ ಅತ್ತಿಗೆ ಎದ್ದು ನಿಂತಳು.

"ಸಾರಿಲ್ಲ."

"ಇಲ್ವಾ? ಮುಗೀತಾ?"

"ಮುಗಿದಿಲ್ಲ. ಜಾಂಗ್ ಕೆಟ್ಟೈತೆ."

ಹಲಗೆಯ ಉದ್ದಕ್ಕೂ ಎಲ್ಲರೂ ತಿರುಗಿ ನೋಡಿದರು. ಒಬ್ಬ ಹುಡುಗಿ ಎತ್ತಿದ್ದ ಫೋನನ್ನು ಇಳಿಸಿದಳು. ಪ್ಯೊ ಗೋಡೆಯ ಹೆಸರನ್ನೂ ಅತ್ತಿಗೆಯನ್ನೂ ನೋಡಿದರು. "ಯಾರ ಜಾಂಗಮ್ಮ?"

"ನಂದೇ. ಪಿಲ್‌ಸುನ್ ಅಂದ್ರೆ ನಾನೇ." ಅವಳ ದನಿ ಸಂತೆಯಲ್ಲಿ ಕೂಗಿದಂತಿತ್ತು, ಬೇಕಾದ್ದಕ್ಕಿಂತ ಜೋರು. "ನಾನೇ ಕೆಡಿಸ್ದೆ. ಈ ಹುಡುಗೀದೇನೂ ತಪ್ಪಿಲ್ಲ. ಇವಳ ನಾಲಿಗೆ ಸರಿಯಾಗೈತೆ."

ಪ್ಯೊ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಆಮೇಲೆ ನಿಧಾನವಾಗಿ ಅಂದರು: "ಹಾಗಾದ್ರೆ ನನ್ನ ನಾಲಿಗೇನೂ ಸರಿಯಾಗೇ ಇತ್ತು ಅನ್ನಿ. ನಾನು ವಯಸ್ಸಾಯ್ತು ಅಂತ ಗಾಬರಿ ಬಿದ್ದಿದ್ದೆ. ಮಗಳಿಗೆ ಫೋನ್ ಮಾಡಿ ಅತ್ತೂಬಿಟ್ಟೆ, ಗೊತ್ತಾ?" ಅವರು ನಕ್ಕರು. ಹುಡುಗಿಯರೂ ನಕ್ಕರು. ಹೇವನ್ ನಗಲಿಲ್ಲ. "ಮತ್ತೆ ಸಾರು ಯಾವಾಗ?"

"ಚಳಿಗೆ ಕಾಳು ಬೇಯಿಸ್ಬೇಕು. ಬಲಿಯೋಕೆ ಇನ್ನೊಂದು ವರ್ಷ" ಎಂದಳು ಅತ್ತಿಗೆ.

"ಅಷ್ಟರ ತನಕ ನಾನಿರ್ಬೇಕಲ್ಲ!"

"ಇರಿ" ಎಂದಳು ಹೇವನ್. ಸಾರು ಚೆಲ್ಲಿದ ಮೇಲೆ ಅವಳಾಡಿದ ಮೊದಲ ಮಾತು. ಅವರ ಮುಂದೆ ಮೀನಿನ ಮಣೆ ಇಟ್ಟಳು, ತಾಯಿಯ ಪಕ್ಕದಲ್ಲೇ ಹಾದು ಹೋದಳು. ಮುಟ್ಟಲೂ ಇಲ್ಲ, ಸರಿದು ನಿಲ್ಲಲೂ ಇಲ್ಲ.

ಅತ್ತಿಗೆ ಬಂದು ನನ್ನ ಎದುರು ಕೂತಳು. ಅವಳ ಕಿವಿ ಕೆಂಪಾಗಿತ್ತು. ಹುಟ್ಟುಹಬ್ಬದ ಸಾರು ಬಟ್ಟಲಲ್ಲಿ ಆರಿ ತಣ್ಣಗಾಗಿತ್ತು. ಅವಳು ಒಂದು ಚಮಚ ಎತ್ತಿ ಬಾಯಿಗಿಟ್ಟುಕೊಂಡಳು. ನನ್ನ ಬಟ್ಟಲ ಕಡೆ ಗದ್ದದಿಂದ ತೋರಿಸಿದಳು.

"ನೀನೂ ಕುಡಿ. ಕುಡಿದು ಹೇಳು, ಹೆಂಗೈತೆ?"

ನಾನು ಕುಡಿದೆ. "ಮೊದಲು ಉಪ್ಪು" ಎಂದೆ. "ಆಮೇಲೆ ಕಡಲಿನ ವಾಸನೆ. ಆಮೇಲೆ ಅವ್ವನ ಜಾಡಿ."

"ಆಮೇಲೆ?"

"ಆಮೇಲೆ ಅದು."

ಅವಳು ತಲೆದೂಗಿ ಇನ್ನೊಂದು ಚಮಚ ತುಂಬಿಕೊಂಡಳು. ನುಂಗಲಿಲ್ಲ. ಬಾಯಲ್ಲೇ ಇಟ್ಟುಕೊಂಡು, ನಾನು ಹೇಳಿದ್ದರಲ್ಲಿ ಯಾವುದಾದರೂ ಒಂದು ಬರುತ್ತದೇನೋ ಎಂದು ಕಾಯುತ್ತ ಕೂತಳು.